ಜರಿ ಸೆರಗಿಗೆ ಆರು ಲೈಟು

1992ರಲ್ಲಿ ನಾನು ಬೆಂಗಳೂರಿನ ಒಂದು ರಂಗಮಂದಿರದಲ್ಲಿ ಲೈಟಿಂಗ್ ಟೆಕ್ನಿಷಿಯನ್ ಆಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ರಜೆಯ ದಿನಗಳಲ್ಲಿ ಹೊರಗಿನ ನಾಟಕಗಳಿಗೂ ಬೆಳಕು ಮಾಡಿಕೊಡುತ್ತಿದ್ದೆ. ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕೊಬ್ಬೂ ಇತ್ತು. ಆ ವರ್ಷದ ಫೆಬ್ರವರಿಯಲ್ಲಿ ಒಂದು ಭಾನುವಾರ ದೊಡ್ಡಬಳ್ಳಾಪುರದ ನೇಕಾರರ ಸಂಘವೊಂದರ ವಾರ್ಷಿಕೋತ್ಸವದ ನಾಟಕಕ್ಕೆ ಹೋದೆ.

ನಾಟಕ ನಡೆಯಬೇಕಾಗಿದ್ದು ಹೊಸದಾಗಿ ಕಟ್ಟಿದ ಒಂದು ಮಗ್ಗದ ಶೆಡ್ಡಿನಲ್ಲಿ. ಪವರ್‌ಲೂಮ್‌ಗಳು ಇನ್ನೂ ಬಂದಿರಲಿಲ್ಲ. ಶೆಡ್ಡಿನ ಮಾಡು ಒಂದೇ ಕಡೆಗೆ ಇಳಿಜಾರಾಗಿತ್ತು. ಹಿಂದಿನ ಗೋಡೆಯ ಬಳಿ ಹದಿನೆಂಟು ಅಡಿ ಎತ್ತರ, ಜನ ಕೂರುವ ಮುಂದಿನ ಗೋಡೆಯ ಬಳಿ ಹನ್ನೆರಡು. ಹಿಂಗೋಡೆಗೆ ಒತ್ತಿಕೊಂಡಂತೆ ಹಲಗೆ ಜೋಡಿಸಿ ಸ್ಟೇಜು ಮಾಡಿದ್ದರು. ನಾನು ಎರಡು ಪಕ್ಕಗಳಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ನಾಲ್ಕು ಲೈಟು ಹಾಕಿ, ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡೆ.

ಸಂಘದ ಕಾರ್ಯದರ್ಶಿ ರಾಮಾಂಜಿನಪ್ಪ ಅದನ್ನು ಒಪ್ಪಲಿಲ್ಲ. ಮೂರನೇ ಅಂಕದಲ್ಲಿ ಬಡ ತಾಯಿಯೊಬ್ಬಳು ಮಗನ ಪ್ರಾಣ ಉಳಿಸೆಂದು ಊರ ಗೌಡನ ಮುಂದೆ ಸೆರಗೊಡ್ಡಿ ಬೇಡುವ ದೃಶ್ಯವಿತ್ತು. ಆ ಸೀರೆಯನ್ನು ಸಂಘದವರೇ ಆ ವರ್ಷಕ್ಕೆಂದು ನೇಯ್ದಿದ್ದರು. ಸೆರಗಿನ ತುಂಬ ಜರಿಯ ನವಿಲು. ಅದು ಹೊಳೆಯಬೇಕಾದರೆ ಬೆಳಕು ನೇರ ಮೇಲಿನಿಂದ ಬೀಳಬೇಕು ಎಂದು ಹಟ ಹಿಡಿದರು.

“ಊಟಕ್ಕಿಲ್ಲದೋಳು ಜರಿ ಸೀರೆ ಉಟ್ಕೊಂಡು ಬೇಡ್ತಾಳೇನ್ರೀ?” ಎಂದು ಕೇಳಿದೆ.

“ನಮ್ಮ ಜನ ಬರೋದೇ ಸೆರಗು ನೋಡೋಕೆ ಸಾರ್. ಕತೆ ಯಾರಿಗ್ ಬೇಕು?” ಎಂದರು ರಾಮಾಂಜಿನಪ್ಪ.

ಹಾಗಾಗಿ ಬಾರ್ ಕಟ್ಟಬೇಕಾಯಿತು. ಬಾರ್ ಎಂದರೆ ಲೈಟುಗಳನ್ನು ಸಾಲಾಗಿ ತೂಗುಹಾಕುವ ಕಬ್ಬಿಣದ ಪೈಪು. ಹದಿನಾರು ಅಡಿಯ ಪೈಪಿಗೆ ಆರು ಸ್ಪಾಟ್‌ಲೈಟು, ಕೇಬಲ್ಲೂ ಸೇರಿ ಸುಮಾರು ಐವತ್ತೈದು ಕಿಲೋ. ಅದರ ಎರಡು ತುದಿಗಳನ್ನು ಮಾಡಿನ ಎರಡು ತೊಲೆಗಳಿಗೆ ಹಗ್ಗದ ಕುಣಿಕೆ ಹಾಕಿ ನೇತುಬಿಡಬೇಕು. ಮಟ್ಟಸವಾದ ತೊಲೆಯಾದರೆ ಅಷ್ಟು ಸಾಕು. ಇಳಿಜಾರು ತೊಲೆಯಾದರೆ ಸಾಲದು, ಏಕೆಂದರೆ ಕುಣಿಕೆ ಯಾವಾಗ ಬೇಕಾದರೂ ತಗ್ಗಿನ ಕಡೆಗೆ ಜಾರಬಹುದು. ಕುಣಿಕೆಯ ಕೆಳಗೆ ಮರದ ತುಂಡೊಂದನ್ನು ಮೊಳೆ ಹೊಡೆದು ಅಡ್ಡ ಕೊಡಬೇಕು, ಇಲ್ಲವೇ ಇನ್ನೊಂದು ಹಗ್ಗದಿಂದ ಕುಣಿಕೆಯನ್ನು ತೊಲೆಯ ಮೇಲ್ತುದಿಗೆ ಎಳೆದು ಕಟ್ಟಬೇಕು. ಈ ಪಾಠವನ್ನು ನಾನೇ ಹತ್ತಾರು ಜನರಿಗೆ ಹೇಳಿಕೊಟ್ಟಿದ್ದೆ.

ಹೊಸ ವಾರ್ನಿಷ್ ಹೊಡೆದ ತೊಲೆಗೆ ಮೊಳೆ ಹೊಡೆಯಕೂಡದು ಎಂದು ಶೆಡ್ಡಿನ ಯಜಮಾನರು ಹೇಳಿದರು. ಮೇಲ್ತುದಿಗೆ ಎಳೆದು ಕಟ್ಟೋಣವೆಂದರೆ ನನ್ನ ಏಣಿ ಅಷ್ಟೆತ್ತರ ಮುಟ್ಟುತ್ತಿರಲಿಲ್ಲ. ಬೇರೆ ಏಣಿ ತರಿಸಲು ಅರ್ಧ ಗಂಟೆ ಸಾಕಾಗಿತ್ತು. ಆದರೆ ಆಗಲೇ ಮಧ್ಯಾಹ್ನ ಎರಡಾಗಿತ್ತು, ನನಗೆ ಹಸಿವಾಗಿತ್ತು, ಸೆರಗಿಗೋಸ್ಕರ ಇಷ್ಟೆಲ್ಲ ರಗಳೆಯೇ ಎಂದು ಸಿಟ್ಟೂ ಬಂದಿತ್ತು. ಕುಣಿಕೆಯನ್ನು ಬಿಗಿದು, ಒಮ್ಮೆ ಜೋತುಬಿದ್ದು ನೋಡಿದೆ. ಅಲ್ಲಾಡಲಿಲ್ಲ. ಒಂದು ದಿನದ ಮಟ್ಟಿಗೆ ಸಾಕು ಎಂದುಕೊಂಡು ಊಟಕ್ಕೆ ಹೋದೆ.

ತಾಯಿಯ ಪಾತ್ರಕ್ಕೆ ಬಂದವಳ ಹೆಸರು ಪ್ರೇಮಲತಾ. ಮೂವತ್ತೈದರ ಆಸುಪಾಸಿನ ವಯಸ್ಸು. ಗಂಡಸರ ಪಾತ್ರಗಳನ್ನು ನೇಕಾರರೇ ಮಾಡುತ್ತಿದ್ದರು, ಹೆಂಗಸರನ್ನು ಮಾತ್ರ ಬೆಂಗಳೂರಿನಿಂದ ಕರೆಸುತ್ತಿದ್ದರು. ಊರಿಂದೂರಿಗೆ ನಾಟಕ ಮಾಡಿಯೇ ಬದುಕುತ್ತಿದ್ದ ಈ ಹೆಂಗಸರನ್ನು ಆಗ ನಾವೆಲ್ಲರೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು.

ಮೂರೂವರೆಗೆ ಅವಳಿಗೆ ಸೀರೆ ಉಡಿಸಿ ಬಾರ್ ಕೆಳಗೆ ನಿಲ್ಲಿಸಿದರು. ಎರಡು ಕೈಯಲ್ಲೂ ಸೆರಗು ಹಿಡಿದು ಅರ್ಧ ಗಂಟೆ ನಿಂತಳು. ರಾಮಾಂಜಿನಪ್ಪ ದೂರ ಕುಳಿತು, ನವಿಲಿನ ಕತ್ತು ಕಾಣುತ್ತಿಲ್ಲ, ಬಾಲ ಕಾಣುತ್ತಿಲ್ಲ ಎಂದು ಕೂಗುತ್ತಿದ್ದರು. ನಾನು ಏಣಿ ಹತ್ತಿ ಒಂದೊಂದೇ ಲೈಟಿನ ಬೋಲ್ಟ್ ಸಡಿಲಿಸಿ ತಿರುಗಿಸುತ್ತಿದ್ದೆ.

“ಸಾರ್, ಮೇಲೆ ಏನೋ ಸರಿದಂಗಾಯ್ತು” ಎಂದಳು ಪ್ರೇಮಲತಾ.

“ನೀನು ಸೆರಗು ನೋಡ್ಕೊ. ಮೇಲಿಂದು ನಾನ್ ನೋಡ್ಕೋತೀನಿ” ಎಂದೆ.

ತುದಿಯ ಲೈಟನ್ನು ತಿರುಗಿಸಲು ಕೈಯಿಂದ ನೂಕಿದೆ. ಆ ನೂಕಿಗೆ ಕುಣಿಕೆ ವಾರ್ನಿಷ್ ಮೇಲೆ ಜರ್ರನೆ ಜಾರಿತು. ಬಾರ್ ಒಂದು ಕಡೆಗೆ ವಾಲಿತು. ಬೋಲ್ಟ್ ಸಡಿಲಿಸಿದ್ದ ಲೈಟು ಪೈಪಿನಿಂದ ಕಳಚಿಕೊಂಡು ಅವಳ ಎಡ ಹೆಗಲ ಮೇಲೆ ಬಿತ್ತು. ಅವಳು ಕೂಗಲೂ ಇಲ್ಲ, ಹಾಗೇ ಕುಸಿದು ಕುಳಿತಳು. ರಾಮಾಂಜಿನಪ್ಪ ಓಡಿ ಬಂದು ಮೊದಲು ಸೆರಗನ್ನು ಎತ್ತಿ, ಹರಿದಿದೆಯೇ ಎಂದು ನೋಡಿದರು. ನಾನು ಅದಕ್ಕಿಂತಲೂ ಕೀಳಾಗಿ ನಡೆದುಕೊಂಡೆ. “ನಾನ್ ಹೇಳಿದ್ ಜಾಗದಲ್ಲಿ ನಿಂತಿರಲಿಲ್ಲ ಇವಳು” ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇ ನೋಡಿ ಕಾಲರ್ ಬೋನ್ ಮುರಿದಿದೆ ಎಂದರು. ಕತ್ತಿನ ಕೆಳಗಿನಿಂದ ಹೆಗಲಿಗೆ ಹೋಗುವ ಮೂಳೆ ಅದು. ಆರು ವಾರ ಕೈ ಎತ್ತಕೂಡದು, ಮೂಳೆ ಜಾಗ ಬಿಟ್ಟು ಸರಿದರೆ ಮುಂದೆ ಕೈ ಪೂರ್ತಿ ಮೇಲೇಳುವುದಿಲ್ಲ ಎಂದು ಅವಳೆದುರಿಗೇ, ನನ್ನೆದುರಿಗೇ ಹೇಳಿದರು. ಯಲಹಂಕದಿಂದ ಬೇರೊಬ್ಬಳನ್ನು ಕರೆಸುವುದಾಗಿ ರಾಮಾಂಜಿನಪ್ಪ ಹೊರಟರು. ಪ್ರೇಮಲತಾ ಅವರನ್ನು ತಡೆದಳು.

“ಬ್ಯಾಡಿ ಸಾರ್, ನಾನೇ ಮಾಡ್ತೀನಿ. ಇವತ್ತು ಅವಳು ಬಂದ್ಬಿಟ್ರೆ ಈ ಸೀಸನ್ ಪೂರ್ತಿ ಅವಳದೇ. ನನ್ ಕೈ ಹೋಯ್ತು ಅಂತ ಸುದ್ದಿ ಹಬ್ಬಿದ್ರೆ ಯಾರೂ ಕರೆಯಲ್ಲ.”

ಕೈಗೆ ಪೆಟ್ಟಾಗಿದೆಯೆಂದು ಜನರಿಗೆ ಒಂದು ಮಾತು ಹೇಳಿಬಿಡಿ ಎಂದು ಡಾಕ್ಟರು ಸೂಚಿಸಿದರು. ಉತ್ಸವದ ದಿನ ಅಪಶಕುನ ಎಂದು ರಾಮಾಂಜಿನಪ್ಪ ಒಪ್ಪಲಿಲ್ಲ. ಶೆಡ್ಡಿಗೆ ವಾಪಸ್ ಬಂದು ಅವಳ ತೋಳನ್ನು ಸೀರೆಯೊಳಗೇ ಮೈಗೆ ಸೇರಿಸಿ ಬಟ್ಟೆಪಟ್ಟಿಯಿಂದ ಕಟ್ಟಿದರು. ಅಷ್ಟರಲ್ಲಿ ನಾನು ದೊಡ್ಡ ಏಣಿ ತರಿಸಿ ಬಿದ್ದ ಲೈಟಿನ ಬಲ್ಬು ಬದಲಿಸಿ, ಬಾರಿನ ಕುಣಿಕೆಗಳನ್ನು ತೊಲೆಯ ಮೇಲ್ತುದಿಗೆ ಎಳೆದು ಕಟ್ಟಿದೆ. ಮಧ್ಯಾಹ್ನ ಆಗದಿದ್ದ ಕೆಲಸ, ಏಣಿ ಬಂದ ಮೇಲೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ನಾಟಕ ಶುರುವಾಗುವ ಮೊದಲು ಅವಳು ನನ್ನ ಬಳಿ ಬಂದಳು. “ಸಾರ್, ಸೆರಗೊಡ್ಡೋ ಸೀನಲ್ಲಿ ಲೈಟು ಕಮ್ಮಿ ಮಾಡ್ತೀರಾ? ಒಂದ್ ಕೈಲಿ ಹಿಡಿದಿದ್ದು ಗೊತ್ತಾಗಬಾರ್ದು.” ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಮೂರನೇ ಅಂಕ ಬಂದಾಗ ಏಳೂವರೆ. ಶೆಡ್ಡು ಕಿಕ್ಕಿರಿದಿತ್ತು. ಅವಳು ಗೌಡನ ಮುಂದೆ ಮಂಡಿಯೂರಿ ಬಲಗೈಯಿಂದ ಸೆರಗು ಚಾಚಿದಳು. ನಾನು ಡಿಮ್ಮರ್ ಇಳಿಸಿದೆ. ಬೆಳಕನ್ನು ಏರಿಸಿ ಇಳಿಸುವ ಹಿಡಿ ಅದು. ಸ್ಟೇಜು ಮಬ್ಬಾಯಿತು. ಹತ್ತು ಸೆಕೆಂಡು ಕಳೆದಿರಬೇಕು.

“ಲೈಟು! ಲೈಟು ಬಿಡ್ರೋ! ಸೆರಗು ಕಾಣ್ತಿಲ್ಲ!” ಎಂದು ಕೂಗಾಟ ಎದ್ದಿತು. ಶಿಳ್ಳೆ ಹೊಡೆದರು. ರಾಮಾಂಜಿನಪ್ಪ ನನ್ನ ಬೆನ್ನ ಹಿಂದೆ ಬಂದು ನಿಂತರು. “ಏರ್ಸಿ ಗುರು, ಮಾನ ಹೋಗ್ತದೆ” ಎಂದರು.

ಆಗುವುದಿಲ್ಲ ಎನ್ನಬಹುದಿತ್ತು. ಫ್ಯೂಸ್ ಹೋಗಿದೆ ಎಂದು ಸುಳ್ಳು ಹೇಳಬಹುದಿತ್ತು, ಮಧ್ಯಾಹ್ನ ಒಂದು ಸುಳ್ಳನ್ನು ಸಲೀಸಾಗಿಯೇ ಹೇಳಿದ್ದೆನಲ್ಲ. ಆರು ಲೈಟನ್ನೂ ಪೂರ್ತಿ ಏರಿಸಿದೆ.

ಜರಿ ಝಗ್ಗೆಂದಿತು. ಆದರೆ ಸೆರಗು ಒಂದೇ ಕೈಯಲ್ಲಿ ಜೋತುಬಿದ್ದು ಅರ್ಧ ನವಿಲಷ್ಟೇ ಕಾಣುತ್ತಿತ್ತು. “ಎರಡ್ ಕೈಲಿ ಹಿಡಿಯಮ್ಮಾ! ಏನು, ಸೋಮಾರಿತನಾನಾ?” ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಶೆಡ್ಡೆಲ್ಲ ನಕ್ಕಿತು. “ಎರಡ್ ಕೈ! ಎರಡ್ ಕೈ!” ಎಂದು ಚಪ್ಪಾಳೆ ತಟ್ಟುತ್ತ ಶುರುಮಾಡಿದರು.

ಪ್ರೇಮಲತಾ ಒಮ್ಮೆ ನಾನಿದ್ದ ಕಡೆ ನೋಡಿದಳು. ನಾನು ಡಿಮ್ಮರ್ ಮುಟ್ಟಲಿಲ್ಲ. ಆಮೇಲೆ ಅವಳು ಬಲಗೈಯನ್ನು ಸೀರೆಯೊಳಗೆ ಹಾಕಿ ಪಟ್ಟಿಯನ್ನು ಎಳೆದುಹಾಕಿ, ಎಡಗೈ ಹೊರತೆಗೆದು, ಸೆರಗಿನ ಇನ್ನೊಂದು ಅಂಚನ್ನು ಹಿಡಿದು ಮೇಲೆತ್ತಿದಳು. ಎತ್ತುವಾಗ ಅವಳ ಬಾಯಿಂದ ಹೊರಟ ಚೀರಾಟ ನಾಟಕದ್ದಾಗಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಸಹಜವಾಗಿ ಅತ್ತವಳನ್ನು ತಾವು ನೋಡೇ ಇರಲಿಲ್ಲ ಎಂದು ಆಮೇಲೆ ಎಷ್ಟೋ ಜನ ಹೇಳಿದರು.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಸೀರೆ ಸಂಘಕ್ಕೆ ವಾಪಸ್ ಬೇಕೆಂದು ಹೊರಗಿನಿಂದ ಕೂಗುತ್ತಿದ್ದರು, ಅವಳಿಗೆ ಪಿನ್ನು ಬಿಚ್ಚಿಕೊಳ್ಳಲು ಆಗುತ್ತಿರಲಿಲ್ಲ. ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ.

“ಮಧ್ಯಾಹ್ನದ್ದಕ್ಕೆ ನಿಮ್ಮನ್ನ ಏನೂ ಅನ್ನಲ್ಲ ಸಾರ್. ಹಗ್ಗ ಅಂದ್ಮೇಲೆ ಜಾರ್ತದೆ. ಲೈಟು ತಾನಾಗೇ ಏರಲ್ಲ.”

ಮೂಳೆ ಜಾಗ ಬಿಟ್ಟೇ ಕೂಡಿಕೊಂಡಿತಂತೆ. ಮುಂದಿನ ವರ್ಷ ಅದೇ ತಾಲ್ಲೂಕಿನ ಸಾಸಲಿನ ಕಡೆ ಒಂದು ನಾಟಕಕ್ಕೆ ಹೋದಾಗ ತಾಯಿಯ ಪಾತ್ರಕ್ಕೆ ಬೇರೊಬ್ಬಳು ಬಂದಿದ್ದಳು. ವಿಚಾರಿಸಿದೆ. “ಅವಳ ಕೈ ಏಳಲ್ಲ ಸಾರ್, ಯಾರೂ ಕರೆಯಲ್ಲ” ಎಂದರು ನಾಟಕದ ಮೇಷ್ಟ್ರು. ಯಾಕೆ ಏಳುವುದಿಲ್ಲ ಎಂದು ನಾನು ಬಾಯಿಬಿಡಲಿಲ್ಲ.

ಇಳಿಜಾರು ತೊಲೆಗೆ ಕಟ್ಟುವ ಕುಣಿಕೆಯನ್ನು ಮೇಲ್ತುದಿಗೆ ಎಳೆದು ಕಟ್ಟಬೇಕು ಎಂದು ನಿವೃತ್ತಿಯವರೆಗೂ ಹುಡುಗರಿಗೆ ಕಲಿಸಿದೆ. ಆ ಮಾತು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಕೆಲಸ ನನಗೆ ಕಲಿಸಿದ್ದು ಬೇರೆ: ಹಿಡಿಯ ಮೇಲೆ ಇರುವುದು ನನ್ನ ಕೈ, ಆದ್ದರಿಂದ ಯಾರೋ ಹೇಳಿದರು, ಏರಿಸಿದೆ ಎನ್ನುವಂತಿಲ್ಲ. ಅದನ್ನು ಮಾತ್ರ ಯಾರಿಗೂ ಹೇಳಿಕೊಡಲಿಲ್ಲ. ಹೇಳಿದರೆ ಈ ಕತೆಯನ್ನೂ ಹೇಳಬೇಕಾಗುತ್ತಿತ್ತು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಯೊಬ್ಬರು ಮೈಕಿನಲ್ಲಿ, ಇವರ ಇಡೀ ಸೇವೆಯಲ್ಲಿ ಒಬ್ಬರಿಗೂ ಒಂದು ಗೀರು ಗಾಯವಾಗಲಿಲ್ಲ ಎಂದು ಹೊಗಳಿದರು. ರಂಗಮಂದಿರದ ಮಟ್ಟಿಗೆ ಅದು ನಿಜ. ನಾನು ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡೆ.