ಕೊಬ್ಬರಿ ಪುಡಿ ಕಾರ್ಖಾನೆಯ ಹೊಸ್ತಿಲು

ನಮ್ಮ ಕೊಬ್ಬರಿ ಪುಡಿ ಕಾರ್ಖಾನೆಗೆ ಹೊರಗಿನವರು ಯಾರಾದರೂ ನೋಡಲು ಬಂದರೆ ಸಾವ್ಕಾರ್ರು ಅವರನ್ನು ಮೊದಲು ಕರೆದುಕೊಂಡು ಬರುವುದು ಸುಲಿಯುವ ಶೆಡ್ಡಿಗೂ ತೊಳೆಯುವ ಶೆಡ್ಡಿಗೂ ನಡುವೆ ಇರುವ ಬಾಗಿಲಿಗೆ. ಅಲ್ಲಿನ ನೆಲ ತೋರಿಸುತ್ತಾರೆ, ತಳ್ಳುವ ಗಾಡಿ ತೋರಿಸುತ್ತಾರೆ. 'ಮೆಟೀರಿಯಲ್ ಹ್ಯಾಂಡ್ಲಿಂಗ್' ಅನ್ನುತ್ತಾರೆ. ಕಾರ್ಖಾನೆಯೊಳಗೆ ಸಾಮಾನು ಸಾಗಿಸುವ ಬಗೆಗೆ ಆ ಹೆಸರಂತೆ. ಎತ್ತುವುದು ಕಡಿಮೆ ಆಗಬೇಕು, ಉರುಳಿಸುವುದು ಜಾಸ್ತಿ ಆಗಬೇಕು, ದಾರಿ ನೇರ ಇರಬೇಕು, ಒಂದೇ ಕಾಯಿಯನ್ನು ಮತ್ತೆ ಮತ್ತೆ ಮುಟ್ಟಬಾರದು ಅಂತ ಬೆರಳು ಮಡಿಸಿ ಹೇಳುತ್ತಾರೆ. ಲಾಭವನ್ನೂ ಹೇಳುತ್ತಾರೆ. ಕಾಯಿ ಒಡೆಯುವುದು ನಿಂತಿತು, ಮಣ್ಣು ತಾಗುವುದು ನಿಂತಿತು, ಕೆಲಸ ಬೇಗ ಸಾಗಿತು. ಬಂದವರು ತಲೆದೂಗುತ್ತಾರೆ. ಮಾತೆಲ್ಲ ನಿಜವೇ. ಆದರೆ ಪಕ್ಕದಲ್ಲೇ ಕಾಯಿ ಸುಲಿಯುತ್ತ ಕೂತಿರುವ ನನಗೆ ಪ್ರತಿ ಸಲವೂ ಮೈ ಉರಿಯುತ್ತದೆ. ಅವರು ಹೇಳುವ ಲಾಭದಲ್ಲಿ ನನ್ನ ಸೊಸೆಯ ಸುದ್ದಿಯೇ ಬರುವುದಿಲ್ಲ.

ನಾನೀಗ ಅಜ್ಜಿ. ಮೊಮ್ಮಗಳು ಹುಟ್ಟಿದ್ದಾಳೆ. ಈ ಮಾತನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಸೊಪ್ಪು ಮಾರುವವಳಿಗೂ ಹೇಳಿದ್ದೇನೆ. ಬರೆಯಲು ಕೂತರೆ ಅದೇ ಮೊದಲು ಬರಬೇಕಿತ್ತು, ಆದರೆ ಕೈಗೆ ಬಂದದ್ದು ಸಿಟ್ಟು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸಿಟ್ಟನ್ನೂ ಸಂತೋಷವನ್ನೂ ಬೇರೆ ಬೇರೆ ಮಾಡಿ ಬರೆಯುವ ಜಾಣತನ ನನಗಿಲ್ಲ.

ಕಾರ್ಖಾನೆ ಇರುವುದು ಅರಸೀಕೆರೆಯಿಂದ ಗಂಡಸಿ ಕಡೆ ಹೋಗುವ ದಾರಿಯಲ್ಲಿ. ಸಿಪ್ಪೆ ಬಿಡಿಸಿದ ತೆಂಗಿನಕಾಯಿ ಲಾರಿಯಲ್ಲಿ ಬರುತ್ತದೆ. ಗಂಡಸರು ಕರಟ ಒಡೆದು ಒಳಗಿನ ಕಾಯಿಯನ್ನು ಇಡಿಯಾಗಿ ತೆಗೆಯುತ್ತಾರೆ. ಹೆಂಗಸರು ನಾವು ಅದರ ಮೇಲಿನ ಕಂದು ಸಿಪ್ಪೆಯನ್ನು ತೆಳ್ಳಗೆ ಹೆರೆದು ಬೆಳ್ಳಗೆ ಮಾಡುತ್ತೇವೆ. ಆಮೇಲೆ ಅದು ತೊಳೆಯುವ ತೊಟ್ಟಿಗೆ ಹೋಗಬೇಕು, ಅಲ್ಲಿಂದ ಪುಡಿ ಮಾಡುವ ಮಿಷನ್ನಿಗೆ, ಅಲ್ಲಿಂದ ಒಣಗಿಸಲು. ತೊಟ್ಟಿ ಇರುವುದು ಪಕ್ಕದ ಶೆಡ್ಡಿನಲ್ಲೇ. ಸುಲಿದ ಕಾಯಿಯನ್ನು ಮಂಕರಿಗೆ ತುಂಬಿ, ತಲೆಗೆ ಸಿಂಬಿ ಇಟ್ಟು, ಹೊತ್ತುಕೊಂಡು ಹೋಗಿ ಸುರಿಯಬೇಕಿತ್ತು. ನೀರು ತುಂಬಿದ ಹಸಿ ಕಾಯಿ, ಮಂಕರಿ ತಲೆಗೇರಿದರೆ ಕತ್ತು ಒಳಗಿಳಿಯುತ್ತಿತ್ತು. ಕಾಲಡಿಯ ನೆಲ ಕಾಯಿನೀರು ಚೆಲ್ಲಿ ಯಾವಾಗಲೂ ಜಾರುತ್ತಿತ್ತು.

ಎರಡು ಶೆಡ್ಡಿನ ನಡುವಿನ ಬಾಗಿಲಿಗೆ ಒಂದು ಹೊಸ್ತಿಲಿತ್ತು. ಮನೆಗೆ ಇಡುವಂಥದ್ದೇ ಹಲಸಿನ ಮರದ ಹೊಸ್ತಿಲು, ಮೊಣಕಾಲಿನ ಅರ್ಧಕ್ಕೆ ಬರುವಷ್ಟು ಎತ್ತರ. ಕಾರ್ಖಾನೆ ಶುರುವಾದಾಗ ಸಾವ್ಕಾರ್ರ ತಾಯಿ, ನಾವೆಲ್ಲ ಅಮ್ಮಾವ್ರು ಅನ್ನುತ್ತೇವೆ, ನಿಂತು ಕೂರಿಸಿದ್ದು. ಪ್ರತಿ ಶುಕ್ರವಾರ ಅವರೇ ಬಂದು ತೊಳೆದು, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ ಹೋಗುತ್ತಿದ್ದರು. ಅದನ್ನು ಯಾರೂ ತುಳಿಯುತ್ತಿರಲಿಲ್ಲ. ತಲೆಯ ಮೇಲೆ ಭಾರ ಹೊತ್ತವಳು ಕೆಳಗೆ ನೋಡಲಾರಳು, ಆದರೂ ಕಾಲನ್ನು ಎತ್ತಿ ಹಾಕಿ ದಾಟುತ್ತಿದ್ದೆವು.

ತಳ್ಳುವ ಗಾಡಿ ಆಗಲೂ ಇತ್ತು. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಸಾವ್ಕಾರ್ರು ಅದನ್ನು ಹೊಸದಾಗಿ ತಂದಿದ್ದರು. ಆಯುಧ ಪೂಜೆಯ ದಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತಳ್ಳಿದರು. ಹೊಸ್ತಿಲವರೆಗೆ ಹೋಗಿ ನಿಂತಿತು. ಚಕ್ರ ಹೊಸ್ತಿಲ ಮೇಲೆ ಹತ್ತಿಸುವ ಧೈರ್ಯ ಯಾರಿಗಿದೆ? ಹಿಂದಕ್ಕೆ ಎಳೆದು ಮೂಲೆಗೆ ನಿಲ್ಲಿಸಿದರು. ಅದರ ಮೇಲೆ ಖಾಲಿ ಗೋಣಿಚೀಲ ಬಿದ್ದವು. ಹಾರ ಒಣಗಿ ಅಲ್ಲೇ ನೇತಾಡಿತು. ನಾವು ಅದರ ಪಕ್ಕದಲ್ಲೇ ಮಂಕರಿ ಹೊತ್ತು ಓಡಾಡಿದೆವು.

ನನ್ನ ಸೊಸೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವಳು. ಮದುವೆಯಾಗಿ ಬಂದ ಮೇಲೆ ನನ್ನ ಜೊತೆಯಲ್ಲೇ ಕೆಲಸಕ್ಕೆ ಬಂದಳು. ಅವಳ ಮೊದಲ ಬಸಿರು ನಿಲ್ಲಲಿಲ್ಲ. ಹೊತ್ತದ್ದರಿಂದಲೇ ಹೋಯಿತೆಂದು ಆಣೆ ಮಾಡಿ ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಆದರೆ ಮತ್ತೆ ಬಸುರಿಯಾದಾಗ ಅರಸೀಕೆರೆ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: ಕೂತು ಮಾಡುವ ಕೆಲಸ ಮಾಡಲಿ, ಭಾರ ಮಾತ್ರ ಎತ್ತಬಾರದು. ಅವಳ ತಾಯಿ ಫೋನು ಮಾಡಿ, 'ನಮ್ಮನೆಗೆ ಕಳಿಸಿಕೊಡಿ, ಹೆರಿಗೆ ಆಗಗಂಟ ಇಲ್ಲೇ ಇರ್ಲಿ' ಅಂದರು. ಸೊಸೆ ಒಪ್ಪಲಿಲ್ಲ.

'ಸುಮ್ನೆ ಕೂತ್ರೆ ಹೋದ ಸಲದ್ದೇ ನೆನಪಾಯ್ತದೆ ಅತ್ತೆ. ಶೆಡ್ಡಲ್ಲಿ ಎಲ್ರ ಜೊತೆ ಮಾತಾಡ್ಕೊಂಡು ಸುಲೀತಾ ಇದ್ರೆ ದಿನ ಹೋಗೋದೇ ಗೊತ್ತಾಗಲ್ಲ.'

ನಾನು ಮೇಸ್ತ್ರಿಗೆ ಹೇಳಿದೆ. ಅವನ ಉತ್ತರ ಸಿದ್ಧವಾಗಿತ್ತು. ನಮ್ಮಲ್ಲಿ ಸುಲಿದವಳೇ ಹೊರಬೇಕು. ತೊಟ್ಟಿಯ ಹತ್ತಿರ ಯಾರು ಮಂಕರಿ ಇಳಿಸುತ್ತಾರೋ ಕೂಲಿ ಅವರಿಗೆ. ಹಿಂದಿನಿಂದ ಬಂದ ಪದ್ಧತಿ.

'ಅವಳ ಮಂಕರಿ ನಾನು ಹೊರ್ತೀನಿ, ಅವಳ ಹೆಸರಿಗೆ ಹಾಕ್ಕೊ' ಅಂದೆ.

'ಇವತ್ತು ನಿಂಗೆ ಹೂಂ ಅಂದ್ರೆ ನಾಳೆ ಎಲ್ರೂ ಹಂಗೇ ಅಂತಾರೆ ಕಣಕ್ಕ. ಆಮೇಲೆ ಯಾರ್ದು ಯಾರಿಗೆ ಅಂತ ನನ್ ತಲೆ ತಿಂತೀರ. ಆಗದಿದ್ರೆ ಮನೇಲಿರ್ಲಿ ಬಿಡು.'

'ಆ ಮೂಲೇಲಿ ನಿಂತಿರೋ ಗಾಡಿ ಯಾಕ್ಲಾ ತಂದ್ರಿ?'

'ಹೊಸ್ತಿಲು ಐತಲ್ಲ.'

ಹೊಸ್ತಿಲು ಇದೆ, ಹೌದು. ಅಲ್ಲಿಗೆ ಮಾತು ಮುಗಿಯಿತು. ನಾನು ಅವನ ಕಣ್ಣು ತಪ್ಪಿಸಿ ಅವಳ ಮಂಕರಿ ಹೊರತೊಡಗಿದೆ. ಬಾಗಿಲ ಆಚೆ ಅವಳು ಬರಿ ಕೈಯಲ್ಲಿ ಬಂದು ನಿಲ್ಲುತ್ತಿದ್ದಳು. ಹೊಸ್ತಿಲು ದಾಟಿಸಿದ ಮೇಲೆ ಮಂಕರಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಇಡುತ್ತಿದ್ದೆ, ಅವಳು ಮೇಸ್ತ್ರಿಯ ಮುಂದೆ ಕಟ್ಟೆಯಿಂದ ತೊಟ್ಟಿಗೆ ಬಗ್ಗಿಸುತ್ತಿದ್ದಳು. ಕಳ್ಳರ ಹಾಗೆ. ಗರ್ಭಿಣಿ ಹೆಂಗಸಿನ ಭಾರವನ್ನು ಇನ್ನೊಬ್ಬಳು ಹೊರಲು ಕಳ್ಳತನ ಮಾಡಬೇಕಾದ ಕಾರ್ಖಾನೆ ಅದು.

ಒಂದು ಶುಕ್ರವಾರ ಮೇಸ್ತ್ರಿ ನನ್ನನ್ನು ಚೀಲ ಜೋಡಿಸಲು ಹಿಂದಿನ ಗೋದಾಮಿಗೆ ಕಳಿಸಿದ. ಅತ್ತೆ ಬರಲಿ ಅಂತ ಸೊಸೆ ಕಾದಿದ್ದಾಳೆ. ಸುಲಿದ ಕಾಯಿ ಹೆಚ್ಚು ಹೊತ್ತು ಇಟ್ಟರೆ ಕೆಂಪಾಗುತ್ತದೆ, ಮೇಸ್ತ್ರಿ ಕೂಗಿದ್ದಾನೆ. ಇವಳೇ ಹೊತ್ತಿದ್ದಾಳೆ. ಅಮ್ಮಾವ್ರು ಆಗ ತಾನೇ ಪೂಜೆ ಮುಗಿಸಿದ್ದರು, ಹೊಸ್ತಿಲು ಒದ್ದೆ. ಒಂದು ಕಾಲು ಆಚೆ ಇಟ್ಟಿದ್ದಾಳೆ, ಇನ್ನೊಂದು ತಗುಲಿದೆ. ಮಂಕರಿ ಬಿಟ್ಟು ಬಾಗಿಲ ಕಂಬ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ, ಹಾಗೇ ಕುಸಿದು ಕೂತಳು.

ನಾನು ಸದ್ದು ಕೇಳಿ ಓಡಿ ಬಂದಾಗ ಬಿಳಿ ಕಾಯಿಗಳೆಲ್ಲ ಉರುಳಿ ಚರಂಡಿಯಲ್ಲಿದ್ದವು. ಸೊಸೆ ಹೊಸ್ತಿಲ ಮೇಲೆ ಕೂತಿದ್ದಳು. ಮೇಸ್ತ್ರಿ ಕೂಗುತ್ತಿದ್ದ.

'ಎದ್ದೇಳೇ, ಹೊಸ್ತಿಲ ಮೇಲೆ ಕೂತಿದೀಯಲ್ಲ. ಈಗ್ತಾನೆ ಪೂಜೆ ಆಗೈತೆ.'

'ಏಳ್ಬೇಡ ಕಣವ್ವ' ಅಂದೆ. 'ಕೂತ್ಕೊ. ನೋವೈತಾ?'

'ಇಲ್ಲ ಅತ್ತೆ. ಕಾಲು ತಗುಲ್ತು ಅಷ್ಟೆ.'

ಅಮ್ಮಾವ್ರು ಹೂವಿನ ತಟ್ಟೆ ಹಿಡಿದೇ ಬಂದರು. 'ಬಸುರಿ ಹೆಂಗಸು ಹೊಸ್ತಿಲ ಮೇಲೆ ಕೂರಬಾರದು ಅಂತ ಹೇಳಿಕೊಟ್ಟಿಲ್ವೇನೇ ನಿನ್ನ ಸೊಸೆಗೆ?'

'ಹೇಳ್ಕೊಟ್ಟಿವ್ನಿ ಅಮ್ಮಾರೇ. ಬಸುರಿ ಹೆಂಗ್ಸು ತಲೆ ಮ್ಯಾಲೆ ಮಂಕರಿ ಹೊತ್ಕೊಂಡು ಹೊಸ್ತಿಲು ದಾಟ್ಬೋದು ಅಂತ ನಿಮಗ್ಯಾರು ಹೇಳ್ಕೊಟ್ರು?'

ಅವರ ಮುಂದೆ ಹಾಗೆ ಮಾತಾಡಿದವರಿಲ್ಲ.

'ನಾನು ಹೊರು ಅಂದ್ನಾ?'

'ನೀವನ್ಲಿಲ್ಲ. ನಿಮ್ ಹೊಸ್ತಿಲು ಅಂತು. ಅದಿಲ್ದಿದ್ರೆ ಗಾಡಿ ಹೋಗೋದು.'

'ಲಕ್ಷ್ಮಿ ಇರೋ ಜಾಗ ಕಣೇ ಅದು. ನಿನ್ನ ಮನೇಲಿ ಹೊಸ್ತಿಲು ಇಲ್ವಾ?'

'ಐತೆ. ನಮ್ಮನೆ ಹೊಸ್ತಿಲ ಮ್ಯಾಲೆ ಬೆಳಿಗ್ಗೆಯಿಂದ ಸಂಜೆಗಂಟ ಕಾಯಿ ದಾಟ್ಸಲ್ಲ ನಾವು. ಮನೆಗೆ ಮನೆ ಥರ ಇಟ್ಕೊಂಡಿವ್ನಿ. ನೀವು ಕಾರ್ಖಾನೆಗೆ ಮನೇದು ಇಟ್ಬುಟ್ರಿ.'

ಅಷ್ಟರಲ್ಲಿ ಸಾವ್ಕಾರ್ರು ಆಫೀಸಿನಿಂದ ಬಂದರು. ಚರಂಡಿ ನೋಡಿದರು. ಹೊಸ್ತಿಲ ಮೇಲೆ ಬೆವತು ಕೂತಿದ್ದ ನನ್ನ ಸೊಸೆಯನ್ನು ದಾಟಿ ಅವರ ಕಣ್ಣು ಚರಂಡಿಗೆ ಹೋಯಿತು. 'ಎಷ್ಟು ಕಾಯಿ ಹೋಯ್ತು?' ಅಂದರು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದು ಹೊರಬರುವ ಮೊದಲೇ ಅಮ್ಮಾವ್ರು ಮಗನ ಕಡೆ ತಿರುಗಿದರು.

'ಏನ್ಲಾ, ಕಾಯಿ ಕೇಳ್ತೀಯಾ?'

ಅವರು ತಟ್ಟೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆ ಒದ್ದೆ ನೆಲದ ಮೇಲೆ, ರೇಷ್ಮೆ ಅಂಚಿನ ಸೀರೆಯಲ್ಲಿ. 'ಎಷ್ಟನೇ ತಿಂಗಳು ಕಣವ್ವ?' ಅಂದರು. ಐದು ಅಂದಳು. 'ಮೊದಲ್ನೇದಾ?' ಅಂದರು. ಸೊಸೆ ಅಲ್ಲವೆಂದು ತಲೆಯಾಡಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವರಿಗೆ ಅರ್ಥವಾಯಿತು.

ಹೊಸ್ತಿಲ ಮೇಲೆ ಕೈ ಇಟ್ಟು, 'ಕಿತ್ತರೆ ಎಲ್ಲಿಡೋದು ಇದನ್ನ? ಬೀದಿಗೆ ಹಾಕೋಕಾಗುತ್ತಾ?' ಅಂತ ನನ್ನನ್ನೇ ಕೇಳಿದರು.

'ಸಾವ್ಕಾರ್ರ ಆಫೀಸ್ ಬಾಗ್ಲಿಗೆ ಇಡ್ಸಿ ಅಮ್ಮಾರೇ. ಲಕ್ಷ್ಮಿ ಬಂದು ಸೇರೋದು ಅಲ್ಲೇ ತಾನೆ.'

ಹಿಂದೆ ಹೆಂಗಸರು ಕಿಸಕ್ಕನೆ ನಕ್ಕರು. ಸಾವ್ಕಾರ್ರು ನಗಲಿಲ್ಲ, ಆದರೆ ಆಟೋ ಕರೆಸಿದ್ದು ಅವರೇ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ ಕೇಳಿತು. ಸೊಸೆ ನನ್ನ ಕೈ ಬಿಡಲೇ ಇಲ್ಲ. 'ಭಾರ ಎತ್ತಬೇಡ ಅಂದಿದ್ನಲ್ಲಮ್ಮ' ಅಂತ ಡಾಕ್ಟರಮ್ಮ ಬೈದರು. ಯಾರನ್ನು ಬೈಯಬೇಕೋ ಅವರು ಅಲ್ಲಿರಲಿಲ್ಲ.

ಹೊಸ್ತಿಲು ಕೀಳುವ ಮೊದಲು ಅಮ್ಮಾವ್ರು ಮಠದ ಅಯ್ನೋರನ್ನು ಕೇಳಿದರು. ದೋಷ, ಶಾಂತಿ, ಹೋಮ ಅಂತ ಏನೇನೋ ಬರುತ್ತದೆ ಅಂದುಕೊಂಡಿದ್ದೆವು. ಅಯ್ನೋರು, 'ಗಾಡಿ ಓಡಾಡೋ ಜಾಗಕ್ಕೆ ಹೊಸ್ತಿಲು ಯಾಕಮ್ಮ ಇಟ್ರಿ? ಒಂದು ಕಾಯಿ ಒಡೆದು ತೆಗೀರಿ' ಅಂದರಂತೆ. ಅಷ್ಟೇ. ಇಷ್ಟು ವರ್ಷದಲ್ಲಿ ಯಾರೂ ಹೋಗಿ ಕೇಳಿರಲಿಲ್ಲ. ನನಗೆ ಇಂದಿಗೂ ತಡೆಯಲಾಗದ ಸಿಟ್ಟು ಇದು. ಒಂದು ಕಾಯಿ ಒಡೆದರೆ ಆಗುವ ಕೆಲಸಕ್ಕೆ ಎಷ್ಟು ಹೆಂಗಸರ ಸೊಂಟ ಹೋಯಿತು.

ಗಾರೆಯವನು ಬಂದು ಆ ಜಾಗಕ್ಕೆ ಸಿಮೆಂಟು ಬಳಿದು ತೊಟ್ಟಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟ. ಮೂಲೆಯ ಗಾಡಿಯ ಮೇಲಿನ ಚೀಲ ತೆಗೆದು ಒಣಗಿದ ಹಾರ ಕಿತ್ತೆವು. ತಳ್ಳಿದರೆ ಹೂವಿನ ಹಾಗೆ ಹೋಯಿತು. ಮೇಸ್ತ್ರಿಗೆ ಮತ್ತೆ ಅದೇ ಚಿಂತೆ, ಯಾವ ಕಾಯಿ ಯಾರದು ಅಂತ. ಮಂಕರಿ ಬದಲು ಪ್ಲಾಸ್ಟಿಕ್ ಕ್ರೇಟು ತಂದರು, ಒಬ್ಬೊಬ್ಬಳು ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟಿದೆವು. ಅಲ್ಲಿಗೆ ಸುಲಿದವಳೇ ಹೊರಬೇಕೆಂಬ ಪದ್ಧತಿಯೂ ಹೋಯಿತು. ಕ್ರೇಟು ನೆಲದಿಂದ ಎತ್ತಬಾರದೆಂದು ಸೊಂಟದ ಮಟ್ಟಕ್ಕೆ ಕಲ್ಲು ಚಪ್ಪಡಿ ಹಾಕಿಸಿದರು. ಚಪ್ಪಡಿಯಿಂದ ಗಾಡಿಗೆ ಜಾರಿಸಿದರೆ ಸಾಕು. ಸೊಸೆ ಏಳು ತುಂಬುವವರೆಗೆ ಕೂತು ಸುಲಿದಳು, ಒಂದು ಕಾಯಿಗಿಂತ ಹೆಚ್ಚಿನದನ್ನು ಎತ್ತಲಿಲ್ಲ. ಶೆಡ್ಡಿನ ಹೆಂಗಸರೇ ಮಡಿಲು ತುಂಬಿ ಗೆಂಡೆಹಳ್ಳಿಗೆ ಕಳಿಸಿದರು. ಅಮ್ಮಾವ್ರು ಹಸಿರು ಸೀರೆ ಕೊಟ್ಟರು. ತೆಗೆದುಕೊಂಡೆವು. ಸೀರೆಯ ಮೇಲೆ ನನಗೆ ಸಿಟ್ಟಿಲ್ಲ.

ಹೆರಿಗೆ ಆಯಿತೆಂದು ಫೋನು ಬಂದಾಗ ನಾನು ಕತ್ತಿ ಬಿಟ್ಟು ಎದ್ದವಳು ಕೈಯನ್ನೂ ತೊಳೆಯಲಿಲ್ಲ. ಜಾವಗಲ್, ಹಳೇಬೀಡು ದಾಟಿ ಬೇಲೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರಿಗೂ ಪೇಡ ಕೊಟ್ಟೆ. ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು.

'ಬನ್ನಿ. ಮೊದ್ಲೇ ಹೇಳ್ಬುಡ್ತೀನಿ, ಆ ಕಾರ್ಖಾನೆಗೆ ಇನ್ನು ನನ್ ಮಗಳನ್ನ ಕಳ್ಸಲ್ಲ.'

ನನಗೂ ಅದೇ ಸರಿ ಅನ್ನಿಸಿತ್ತು. ಹಾಗೇ ಹೇಳಲು ಬಾಯಿ ತೆರೆದೆ. ಒಳಗಿನಿಂದ ಸೊಸೆಯೇ ಕೂಗಿದಳು.

'ನಾನು ಹೋಗ್ತೀನಿ ಕಣವ್ವ. ನಮ್ಮತ್ತೆ ಜಗಳ ಆಡಿ ನೆಲ ಸರಿ ಮಾಡ್ಸವ್ರೆ. ನಾನು ಮನೇಲಿ ಕೂತ್ರೆ ಆ ನೆಲದಲ್ಲಿ ಯಾರೋ ಓಡಾಡ್ತಾರೆ, ನಾನ್ಯಾಕೆ ಬಿಡ್ಲಿ?'

ಬೀಗಿತ್ತಿ ನನ್ನ ಮುಖ ನೋಡಿದರು. ಕೂಸನ್ನು ತಂದು ಕೈಗೆ ಕೊಟ್ಟರು. ಕೆಂಪು ಮುಖ, ಮುಷ್ಟಿ ಬಿಗಿದುಕೊಂಡು ಮಲಗಿತ್ತು, ನನ್ನಷ್ಟೇ ಸಿಟ್ಟಿನಲ್ಲಿ. ನಗು ಬಂತು, ಅಳುವೂ ಬಂತು. ಮೊದಲನೆಯದು ಉಳಿದಿದ್ದರೆ ಇಷ್ಟು ಹೊತ್ತಿಗೆ ನನ್ನ ಸೆರಗು ಹಿಡಿದು ಜಗ್ಗುತ್ತಿತ್ತು.

'ಕೆಳಗೆ ಮಲಗ್ಸಿ ಬೀಗ್ತಿ, ಕೈ ನೋಯ್ತದೆ' ಅಂದರು.

'ನೋಯ್ಲಿ ಬಿಡಿ' ಅಂದೆ.