ವಿರ್ಪಿ ಮುಂದೂಡುತ್ತಿದ್ದ ಪರೀಕ್ಷೆ

ಆ ದಿನ ಶಾಲೆಯ ಊಟಕ್ಕೆ ರಕ್ತದ ದೋಸೆ. ಹಂದಿಯ ರಕ್ತ, ರೈ ಎಂಬ ಧಾನ್ಯದ ಹಿಟ್ಟು, ಈರುಳ್ಳಿ ಕಲಸಿ ಅಗಲ ಕಾವಲಿಯ ಮೇಲೆ ಹೊಯ್ದು, ಹುಳಿ ಹಣ್ಣಿನ ಜಾಮ್ ಜೊತೆ ಬಡಿಸುವುದು. ವಿರ್ಪಿ ಯುಲಿತಾಲೊ ಇಪ್ಪತ್ತೊಂದು ವರ್ಷಗಳಿಂದ ಇನ್ನೂರು ಮಕ್ಕಳಿಗೆ ಅದನ್ನು ಹೊಯ್ದು ಹಾಕುತ್ತಿದ್ದಳು. ಆ ನವೆಂಬರ್ ಬೆಳಿಗ್ಗೆ ಸೌಟು ಕೈಯಲ್ಲಿರುವಾಗಲೇ ಅವಳಿಗೆ ಕಣ್ಣು ಕತ್ತಲೆ ಬಂತು. ಹಾಗೇ ನೆಲಕ್ಕೆ ಕುಸಿದು ಕೂತಳು. ಕಾವಲಿಗೆ ಕೈ ಊರಲಿಲ್ಲ ಎಂಬುದೊಂದೇ ಅದೃಷ್ಟ.

ಅವಳಿಗೆ ಆಗ ನಲವತ್ತೈದು ವರ್ಷ. ಒಂದು ವರ್ಷದಿಂದ ಮುಟ್ಟಿನ ರಕ್ತ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿತ್ತು. ಅವಳ ತಾಯಿಗೂ ಹೀಗೇ ಶುರುವಾಗಿತ್ತು. “ಈ ಸಲ ಸ್ವಲ್ಪ ಜಾಸ್ತಿ ಹೋಗ್ತಿದೆ, ಅಷ್ಟೆ” ಎನ್ನುತ್ತಲೇ ಇದ್ದು, ಗರ್ಭಕೋಶದ ಕ್ಯಾನ್ಸರಿನಿಂದ ನಲವತ್ತಾರಕ್ಕೆ ತೀರಿಕೊಂಡಳು. ವಿರ್ಪಿ ಇದನ್ನು ಯಾರಿಗೂ ಹೇಳಿರಲಿಲ್ಲ. ಹದಿಮೂರು ವರ್ಷದ ಮಗಳು ಹಿಲ್ಲಳಿಗೂ ಅಜ್ಜಿ ‘ಹೊಟ್ಟೆ ಕಾಯಿಲೆ’ಯಿಂದ ಹೋದಳೆಂದಷ್ಟೇ ಗೊತ್ತು.

ನಾನಿರುವುದು ವಿರ್ಪಿ ಇರುವ ಕಟ್ಟಡದಲ್ಲೇ, ಅವರ ಮನೆಯ ಮೇಲಿನ ಮಹಡಿಯಲ್ಲಿ. ಕೆಲಸ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ. ಕುಸಿದ ಮೇಲೆ ಪರೀಕ್ಷೆಗೆ ಬಂದ ಅವಳ ತೋಳಿನಿಂದ ರಕ್ತ ತೆಗೆದವಳೂ ನಾನೇ. ಹಿಮೋಗ್ಲೋಬಿನ್ ಲೀಟರಿಗೆ ಎಂಬತ್ತಾರು ಗ್ರಾಂ ಬಂತು. ಹೆಂಗಸಿಗೆ ನೂರ ಹದಿನೇಳಾದರೂ ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಜೊತೆಗೆ ಗರ್ಭಕೋಶದ ಸ್ಕ್ಯಾನು ಮತ್ತು ಒಳಪದರದ ತುಣುಕು ತೆಗೆದು ನೋಡುವ ಪರೀಕ್ಷೆಗೆ ದಿನ ಕೊಟ್ಟರು. ವಿರ್ಪಿ ಮಾತ್ರೆ ತೆಗೆದುಕೊಂಡಳು, ಪರೀಕ್ಷೆಯ ದಿನವನ್ನು ರದ್ದು ಮಾಡಿದಳು. ಶಾಲೆಯಲ್ಲಿ ಕ್ರಿಸ್‌ಮಸ್ ಊಟದ ಕೆಲಸವಿದೆ ಎಂಬುದು ಅವಳು ಹೇಳಿದ ಕಾರಣ.

ನಮ್ಮ ಕಟ್ಟಡದ ಸೌನಾ, ಅಂದರೆ ಆವಿಸ್ನಾನದ ಕೋಣೆ, ಗುರುವಾರ ಸಂಜೆ ಆರರಿಂದ ಏಳರವರೆಗೆ ಹೆಂಗಸರಿಗೆ. ಕೆಳಗಿನ ಮನೆಯ ರೌಹಾ ಮೇಲಿನ ಮೆಟ್ಟಿಲ ಮೇಲೆ ಕೂತು, ಕಾದ ಕಲ್ಲಿಗೆ ನೀರು ಎರಚಿ, ಆವಿಯ ನಡುವಿನಿಂದ ವಿರ್ಪಿಯನ್ನು ನೋಡಿದಳು.

“ಹುಡುಗೀ, ಸುಣ್ಣ ಬಳಿದ ಗೋಡೆ ಆಗಿದೀಯ. ಇನ್ನೂರು ಮಕ್ಕಳಿಗೆ ರಕ್ತ ಬಡಿಸ್ತೀಯ, ನಿನಗೆ ಅಂತ ಒಂದು ಹನಿ ಇಟ್ಕೊಳ್ಳಲ್ವಾ?”

“ಚಳಿಗಾಲ, ದಿನವಿಡೀ ಕತ್ತಲೆ ಅಲ್ವಾ ರೌಹಾ. ಸುಸ್ತು, ಅಷ್ಟೆ.”

“ಕತ್ತಲೆ ನನಗೂ ಬರುತ್ತೆ, ಎಪ್ಪತ್ತನಾಲ್ಕು ವರ್ಷದಿಂದ ಬರ್ತಾನೇ ಇದೆ. ನಾನೇನು ಹಾಗೆ ಕಾಣ್ತೀನಾ?”

ಎಲ್ಲರೂ ನಕ್ಕರು, ವಿರ್ಪಿಯೂ ನಕ್ಕಳು. ಹೊರಗಿನ ಕೋಣೆಯಲ್ಲಿ ಬಟ್ಟೆ ಹಾಕಿಕೊಳ್ಳುವಾಗ ನನ್ನ ಮೊಣಕೈ ಹಿಡಿದುಕೊಂಡಳು. “ಮಾತ್ರೆಗೆ ರಕ್ತ ಏರಿದ್ರೆ ಅದು ಅಮ್ಮನ ಕಾಯಿಲೆ ಅಲ್ಲ ಅಂತ ಅರ್ಥ, ಅಲ್ವಾ?” ತಾಯಿಯ ಕಥೆ ನನಗೆ ತಿಳಿದದ್ದು ಆಗಲೇ. ಹಾಗಲ್ಲ, ರಕ್ತದ ಅಂಕಿ ಕಾಯಿಲೆ ಯಾವುದೆಂದು ಹೇಳುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು, ಆದರೆ ಮನಸ್ಸಿನಲ್ಲಿ ಆ ಅಂಕಿಯ ಮೇಲೆ ಪಣ ಕಟ್ಟಿಯಾಗಿತ್ತು.

ಡಿಸೆಂಬರಿನಲ್ಲಿ ಎಂಬತ್ತೆಂಟು. ಫೆಬ್ರವರಿಯಲ್ಲಿ ಎಂಬತ್ತೇಳು. ಆ ಕಾಗದ ನೋಡಿದ ಮೇಲೆ ಅವಳು ಎರಡನೆಯ ಬಾರಿ ಕೊಟ್ಟಿದ್ದ ದಿನವನ್ನೂ ರದ್ದು ಮಾಡಿದಳು. ಈ ಸಲ ಕಾರಣವನ್ನೇ ಹೇಳಲಿಲ್ಲ.

ಅಂಕಿ ಹೀಗೆ ನಿಂತಲ್ಲೇ ನಿಲ್ಲುವುದು ನನಗೂ ಸರಿ ಕಾಣಲಿಲ್ಲ. ರಕ್ತ ಹೋಗುತ್ತಿದ್ದರೂ ಮೂರು ತಿಂಗಳ ಮಾತ್ರೆಗೆ ಒಂದಿಷ್ಟಾದರೂ ಏರಬೇಕಿತ್ತು. ಭಾನುವಾರ ಅವಳ ಮನೆಗೆ ಹೋದೆ. ಹಿಲ್ಲ ಹೊಟ್ಟೆನೋವೆಂದು ಸೋಫಾದ ಮೇಲೆ ಮುದುಡಿ ಮಲಗಿದ್ದಳು. ಅವಳಿಗೆ ಮುಟ್ಟು ಶುರುವಾಗಿ ವರ್ಷವಾಗಿರಲಿಲ್ಲ.

“ದಿನಾ ಬೆಳಿಗ್ಗೆ ಏನೇನು ಮಾಡ್ತೀಯೋ ಅದನ್ನ ಈಗ ಮಾಡಿ ತೋರ್ಸು” ಎಂದೆ ವಿರ್ಪಿಗೆ.

“ನಾಟಕ ಆಡ್ಲಾ?”

“ಆಡು.”

ಅವಳು ಕಾಫಿ ಇಳಿಸಿದಳು. ದೊಡ್ಡ ಲೋಟಕ್ಕೆ ಸುರಿದು ಹಾಲು ಬೆರೆಸಿದಳು. ರೈ ಬ್ರೆಡ್ಡಿನ ಮೇಲೆ ಚೀಸ್ ಇಟ್ಟಳು. ಬಾಯಿಗೆ ಮಾತ್ರೆ ಹಾಕಿಕೊಂಡಂತೆ ಮಾಡಿ ಒಂದು ಗುಟುಕು ಕಾಫಿ ಕುಡಿದಳು.

“ಮಾತ್ರೆ ಯಾವುದರ ಜೊತೆ ತಗೋತೀಯ ಅಂತ ನರ್ಸ್ ಕೇಳ್ಲಿಲ್ವಾ?”

“ಕೇಳಿದ್ರು. ಯಾವುದರ ಜೊತೆಗೂ ಇಲ್ಲ, ಖಾಲಿ ಹೊಟ್ಟೇಲಿ ಅಂದೆ.”

“ಇದು?”

“ಇದು ಕಾಫಿ” ಎಂದಳು, ನನಗೇ ತಲೆ ಕೆಟ್ಟಿದೆಯೇನೋ ಎಂಬಂತೆ.

ನಮ್ಮ ಊರಿನಲ್ಲಿ ಕಾಫಿಯನ್ನು ಯಾರೂ ತಿನ್ನುವ ಕುಡಿಯುವ ಲೆಕ್ಕಕ್ಕೆ ಸೇರಿಸುವುದಿಲ್ಲ. ವಿರ್ಪಿ ದಿನಕ್ಕೆ ಒಂಬತ್ತು ಲೋಟ ಕುಡಿಯುತ್ತಿದ್ದಳು. ಕಾಫಿ ಮತ್ತು ಹಾಲು ಎರಡೂ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಮಾತ್ರೆಯನ್ನು ನೀರಿನ ಜೊತೆ ನುಂಗಿ, ಕಿತ್ತಳೆ ಹಣ್ಣೊಂದನ್ನು ತಿಂದು, ಕಾಫಿಗೆ ಎರಡು ಗಂಟೆ ಬಿಡಬೇಕೆಂದು ಹೇಳಿದೆ.

ಅವಳು ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ಕೈ ತೆಗೆದಾಗ ನಗುತ್ತಿದ್ದಳು. “ಹಾಗಾದ್ರೆ ಇಷ್ಟೇನಾ? ಕಾಫಿನಾ? ಇನ್ನು ಆ ಪರೀಕ್ಷೆ ಬೇಡ, ಅಲ್ವಾ?”

ಮೂರು ತಿಂಗಳಿನಲ್ಲಿ ನಾನು ಕಂಡ ಮೊದಲ ನೆಮ್ಮದಿಯ ಮುಖ ಅದು. ಅದನ್ನು ಕಿತ್ತುಕೊಳ್ಳಬೇಕಾಯಿತು.

“ಕಬ್ಬಿಣ ಯಾಕೆ ಏರಲಿಲ್ಲ ಅಂತ ಗೊತ್ತಾಯ್ತು ವಿರ್ಪಿ. ರಕ್ತ ಯಾಕೆ ಹೋಗ್ತಿದೆ ಅಂತ ಗೊತ್ತಾಗಿಲ್ಲ.”

ಅವಳು ಲೋಟವನ್ನು ಮೇಜಿನ ಮೇಲೆ ಆಚೆ ತಳ್ಳಿದಳು.

ನಾನು ಹಿಲ್ಲಳ ಕಡೆ ತಿರುಗಿದೆ. ಓಟ್ಸ್ ಕಾಳು ತುಂಬಿ ಹೊಲಿದ ದಿಂಬನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಹೊಟ್ಟೆಯ ಮೇಲಿಟ್ಟೆ. ನೋವು ಹೆಚ್ಚುವ ಮೊದಲೇ ಬಿಸಿ ಇಡಬೇಕು, ಸಾಧ್ಯವಾದಷ್ಟು ನಡೆಯಬೇಕು, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಬೇಕು, ಎಲ್ಲವನ್ನೂ ಬರೆದಿಡಬೇಕು ಎಂದು ಹಿಂದೆಯೇ ಅವಳಿಗೆ ಹೇಳಿ ಚೌಕ ಗೆರೆಯ ಪುಸ್ತಕವೊಂದನ್ನು ಕೊಟ್ಟಿದ್ದೆ. ಅವಳು ಅದನ್ನು ತೆಗೆದು ತೋರಿಸಿದಳು. ತಾರೀಖು, ಹತ್ತಕ್ಕೆ ಎಷ್ಟು ನೋವು, ದಿನಕ್ಕೆ ಎಷ್ಟು ಪ್ಯಾಡ್. ಎರಡನೆಯ ದಿನ ನಾಲ್ಕು ಪ್ಯಾಡ್. ಮೂರನೆಯ ದಿನ ಮೂರು.

“ನಡೆದ ದಿನ ನೋವು ಕಮ್ಮಿ ಇದೆ, ನೋಡಿ. ಅಮ್ಮ ಬರೀ ತಡ್ಕೋ ಅಂತಾಳೆ” ಎಂದಳು ಹಿಲ್ಲ. ಆಮೇಲೆ ಸಹಜವಾಗಿ, “ಅಮ್ಮ, ನಿಂಗೆ ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತೆ?”

ವಿರ್ಪಿ ಕಿಟಕಿಯ ಹೊರಗಿನ ಹಿಮ ನೋಡುತ್ತಿದ್ದಳು. ಅತ್ತಲೇ ಮುಖವಿಟ್ಟು, “ಹದಿನಾಲ್ಕು” ಎಂದಳು.

ಹಿಲ್ಲ ಎದ್ದು ಕೂತಳು. ದಿಂಬು ನೆಲಕ್ಕೆ ಬಿತ್ತು. ಮಗಳ ಮುಖ ನೋಡಿದ ಮೇಲೆ ವಿರ್ಪಿಗೆ ತನ್ನ ಅಂಕಿ ಏನೆಂದು ತಿಳಿಯಿತು ಎಂದು ನನ್ನ ಎಣಿಕೆ. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಆರೋಗ್ಯ ಕೇಂದ್ರದ ಫೋನ್ ಲೈನ್ ತೆರೆದ ಕೂಡಲೇ, ಅವಳೇ ದಿನ ಕೇಳಿದಳು.

ಪರೀಕ್ಷೆಗೆ ನಾನು ಜೊತೆಗೆ ಹೋದೆ. ಹೊರಗಿನ ಬೆಂಚಿನಲ್ಲಿ ಅವಳು ಕೋಟು ಬಿಚ್ಚದೆ ಕೂತಳು. “ಅಮ್ಮನೂ ಹೀಗೇ ಕೂತಿದ್ಲು. ನಾನು ಪಕ್ಕದಲ್ಲಿ ಚಾಕಲೇಟ್ ತಿಂತಿದ್ದೆ” ಎಂದಳು. ಒಳಗೆ ಕರೆದಾಗ ತಪ್ಪು ಬಾಗಿಲ ಕಡೆ ನಡೆದಳು; ನಾನು ತೋಳು ಹಿಡಿದು ತಿರುಗಿಸಬೇಕಾಯಿತು. ಸ್ಕ್ಯಾನಿನಲ್ಲಿ ಗೆಡ್ಡೆಯೊಂದು ಕಂಡಿತು. ಅದೇನೆಂದು ತುಣುಕಿನ ವರದಿ ಬರುವವರೆಗೆ ಖಚಿತವಾಗಿ ಹೇಳುವುದಿಲ್ಲ ಎಂದರು ಡಾಕ್ಟರು.

ಹನ್ನೊಂದು ದಿನ ಕಾದಳು. ಮಾತ್ರೆಯನ್ನು ನೀರಿನಲ್ಲೇ ನುಂಗುತ್ತಿದ್ದಳು. ಹಿಲ್ಲಳ ಜೊತೆ ಸಮುದ್ರದ ಮಂಜುಗಡ್ಡೆಯ ಅಂಚಿನವರೆಗೆ ನಡೆದು ಬರುತ್ತಿದ್ದಳು. ರಾತ್ರಿ ನಿದ್ದೆ ಮಾತ್ರ ಇಲ್ಲ.

ಫೋನ್ ಬಂದದ್ದು ಶಾಲೆಯ ಊಟದ ಹೊತ್ತಿನಲ್ಲಿ. ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ನರ್ಸ್ ಹೇಳಿದ್ದು ಇಷ್ಟು: ಕ್ಯಾನ್ಸರ್ ಅಲ್ಲ, ಒಳಪದರದ ಕೆಳಗೆ ಬೆಳೆದ ಸಾಧಾರಣ ಗೆಡ್ಡೆ. ರಕ್ತ ಹೋಗುತ್ತಿರುವುದು ಅದರಿಂದ. ಏಪ್ರಿಲಿನಲ್ಲಿ ತೆಗೆಯಬಹುದು.

“ಹೆಸರು ಸರಿಯಾಗಿ ನೋಡಿದ್ರಾ? ಅದು ನಂದೇನಾ?” ಎಂದು ಕೇಳಿದಳು. ನರ್ಸ್ ಹುಟ್ಟಿದ ತಾರೀಖನ್ನು ಓದಿ ಹೇಳಿದಳು. ವಿರ್ಪಿ ಇನ್ನೊಮ್ಮೆ ಓದಿಸಿದಳು.

ಆ ಸಂಜೆ ಅವಳು ಹಿಲ್ಲಳನ್ನು ಕೂರಿಸಿಕೊಂಡು ಅಜ್ಜಿಗೆ ಏನಾಗಿತ್ತೆಂದು ಮೊದಲಿನಿಂದ ಹೇಳಿದಳು. ನಾನೂ ಇರಲಿ ಎಂದು ಕರೆದಿದ್ದಳು.

“ಅಜ್ಜಿಗೆ ಆಗ ಎಷ್ಟು ವರ್ಷ?”

“ನಲವತ್ತಾರು.”

“ನಿಂಗೆ ಮೇ ತಿಂಗಳಲ್ಲಿ ನಲವತ್ತಾರು.”

“ಹೌದು.”

ಹಿಲ್ಲ ತಾಯಿಯ ತೋಳಿಗೆ ತಲೆಯಿಟ್ಟಳು. “ಈಗ್ಲೂ ಭಯ ಆಗುತ್ತಾ?”

“ಆಗುತ್ತೆ” ಎಂದಳು ವಿರ್ಪಿ. “ಏಪ್ರಿಲಿನಲ್ಲಿ ನೀನೂ ಬಾ. ಬೆಂಚಿನ ಮೇಲೆ ಸುಮ್ನೆ ಕೂರಿಸಲ್ಲ. ಡಾಕ್ಟರು ಹೇಳೋದನ್ನ ನೀನೂ ಒಳಗೆ ಬಂದು ಕೇಳು.”