ಪಂಕ್ತಿಯಿಂದ ಎದ್ದವನು

ನನ್ನ ಮೊಮ್ಮಗಳು ಏನು ಓದುತ್ತಾಳೆಂದು ಕೊಟ್ಟೂರಿನಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಲೇ ಇರುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಎರಡು ಸಾವಿರ ವರ್ಷದ ಹಿಂದಿನ ಯೆಹೂದಿಗಳು, ಅವರೊಳಗಿಂದಲೇ ಹುಟ್ಟಿದ ಮೊದಮೊದಲ ಕ್ರೈಸ್ತರು ಹೇಗೆ ಕೂಡಿದ್ದರು, ಹೇಗೆ ಬೇರೆಯಾದರು ಎಂದು ಪಿಎಚ್‌ಡಿಗೆ ಬರೆಯುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಹೋದ ಬೇಸಿಗೆಯಲ್ಲಿ ಮುಖ ಇಳಿಸಿಕೊಂಡು ಬಂದಳು. ಒಂದು ಅಧ್ಯಾಯವನ್ನು ಗೈಡು ಎರಡು ಸಲ ವಾಪಸು ಕಳಿಸಿದ್ದರಂತೆ. ಇನ್ನೊಮ್ಮೆ ಕಳಿಸಿದರೆ ಓದನ್ನೇ ಬಿಟ್ಟುಬಿಡುತ್ತೇನೆ ಎಂದಳು. ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟು, ಅದರಲ್ಲಿ ಏನಿದೆ ಹೇಳು ಎಂದೆ.

ಒಂದು ಊರಿನಲ್ಲಿ ಯೇಸುವನ್ನು ನಂಬಿದ ಯೆಹೂದಿಗಳೂ ಯೆಹೂದಿಗಳಲ್ಲದ ಹೊರಗಿನ ಜನರೂ ಒಟ್ಟಿಗೆ ಉಣ್ಣುತ್ತಿದ್ದರಂತೆ. ಯೆಹೂದಿ ಹಿರಿಯನೊಬ್ಬ ಅವರೊಡನೆ ಕೂತಿದ್ದವನು, ಹೊರಗಿನವರ ಜೊತೆ ಉಣ್ಣುವುದನ್ನು ಒಪ್ಪದ ತನ್ನವರು ದೊಡ್ಡ ಊರಿನಿಂದ ಬಂದದ್ದೇ ಮೆಲ್ಲಗೆ ಸರಿದ. ಇನ್ನೊಬ್ಬ ಅವನನ್ನು ಎಲ್ಲರೆದುರು ಬೈದ, ಬೈದದ್ದನ್ನು ಕಾಗದದಲ್ಲೂ ಬರೆದ. ಆ ಕಾಗದದ ಮಾತು ಇವತ್ತಿಗೂ ಉಳಿದಿದೆ ಎಂದಾಗ ನನ್ನ ಮೈ ಜುಮ್ಮೆಂದಿತು.

ಮೊಮ್ಮಗಳು ಆ ಹಿರಿಯನನ್ನು ಪುಕ್ಕಲ ಎಂದು ಬರೆದು ಮುಗಿಸಿದ್ದಳು. ಅವನಿಗೆ ಯಾತರ ಅಂಜಿಕೆ ಎಂಬುದು ಗೈಡಿನ ಪ್ರಶ್ನೆ.

"ಪುಕ್ಕಲ ಅಲ್ಲವ್ವಾ," ಎಂದೆ. "ನಾನೂ ಹಂಗ ಎದ್ದಾಕಿ."

ಯಾರಿಗೂ ಹೇಳದ್ದನ್ನು ಹೇಳಿದೆ. ಮದುವೆಯಾದ ಹೊಸತರಲ್ಲಿ, ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಗೆಳತಿಯ ಜೊತೆ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ. ನಾವು ಲಿಂಗ ಕಟ್ಟಿದವರು, ಅವರು ಕಟ್ಟದವರು. ಒಂದು ದಿನ ಹಿರೇಹಡಗಲಿಯ ನೆಂಟರು ಹೊಲಕ್ಕೇ ಬಂದರು. ತುತ್ತು ಕೆಳಗಿಟ್ಟು ಎದ್ದು ದೂರ ಕೂತೆ. ಅವರ ಮನೆಗೆ ನನ್ನ ತಂಗಿಯನ್ನು ಕೊಡುವ ಮಾತು ನಡೆದಿತ್ತು.

"ನನಗ ಆಗೋದು ಏನಿತ್ತು? ತಂಗಿ ಲಗ್ನ ನಿಂತೀತು ಅಂತ ಅಂಜಿದ್ದೆ. ಆತನ ಹಿಂದ ಯಾರಿದ್ರು, ಅದನ್ನ ಹುಡುಕು."

ಅವಳು ಬರೆದುಕೊಳ್ಳತೊಡಗಿದಳು. ನನಗೋ ಬೇರೆಯೇ ಕುತೂಹಲ. ಬಂದವರು ಹೋದ ಮೇಲೆ ಅವನು ಮತ್ತೆ ಬಂದು ಉಂಡನೇ? ಅದು ಕಾಗದದಲ್ಲಿ ಇಲ್ಲವಂತೆ. ನನ್ನ ಗೆಳತಿಯಂತೂ ಮರುದಿನದಿಂದ ಬೇರೆ ಕೂತಳು.

ಮೊಮ್ಮಗಳು ಹತ್ತಾರು ಪುಸ್ತಕ ತಿರುವಿದಳು. ಅವನು ಹೊರಗಿನವರ ಜೊತೆ ಉಂಡ ಸುದ್ದಿ ಹಬ್ಬಿದ್ದರೆ ದೊಡ್ಡ ಊರಿನಲ್ಲಿ ಉಳಿದಿದ್ದ ಅವನ ಜನಕ್ಕೆ ಏನಾಗಬಹುದಿತ್ತು ಎಂಬುದರಿಂದ ಶುರುಮಾಡಿ ಅಧ್ಯಾಯವನ್ನು ಹೊಸದಾಗಿ ಬರೆದಳು. ಗೈಡು ಒಪ್ಪಿದ ಸುದ್ದಿ ಫೋನಿನಲ್ಲಿ ಬಂದಾಗ ಹಿಗ್ಗು ತಡೆಯದೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಮರುದಿನವೇ ಕೂಡ್ಲಿಗಿ ಬಸ್ಸು ಹತ್ತಿದೆ. ಗೆಳತಿ ಅಲ್ಲಿ ಮಗಳ ಮನೆಯಲ್ಲಿದ್ದಾಳೆ.

ಅವತ್ತಿನಿಂದ ಯಾಕೆ ಬೇರೆ ಕೂತೆ ಎಂದು ಕೇಳಿದೆ.

"ಮರುದಿನ ನೀನು ಬುತ್ತಿ ಬಿಚ್ಚಿದಿ," ಎಂದಳು. "ಬಾ ಅಂತ ಕರೀಲಿಲ್ಲ."

ಅಲ್ಲಿಂದಲೇ ಮೊಮ್ಮಗಳಿಗೆ ಫೋನು ಮಾಡಿದೆ. ಎದ್ದವನ ವಿಚಾರ ಸಾಕು, ಪಂಕ್ತಿಯಲ್ಲಿ ಕೂತೇ ಉಳಿದವರು ಏನೆಂದರು ಎಂದು ಎಲ್ಲಾದರೂ ಇದೆಯೇ, ಅದನ್ನು ಹುಡುಕು ಎಂದೆ.